ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ: ಬ್ಯಾರಿಕೇಡ್‌ನಿಂದ ಕಟಕಟೆಯವರೆಗೆ

ತೊಗರಿ ರಾಶಿ ಮುಗಿದು ಕಲಬುರಗಿಯ ಎಪಿಎಂಸಿ ಯಾರ್ಡ್‌ನಲ್ಲಿ ಹಮಾಲರಿಗೆ ಬಿಡುವೇ ಇರದ ಜನವರಿ, ಫೆಬ್ರುವರಿ ತಿಂಗಳಲ್ಲಿ ನನ್ನ ಫೋನು ರಾತ್ರಿ ಹನ್ನೊಂದರ ಮೇಲೆ ಹೆಚ್ಚು ರಿಂಗಣಿಸುತ್ತದೆ. ಕಾಳು ಮಾರಿದ ಕೈಯಲ್ಲಿ ನಗದು, ಊರಿನ ದಾರಿಯಲ್ಲಿ ಧಾಬಾ, ಧಾಬಾ ದಾಟಿದರೆ ಬ್ಯಾರಿಕೇಡ್. ಆ ಕಡೆಯಿಂದ ಮಾತನಾಡುವವರು ಅಣ್ಣನೋ ಕಾಕಾನೋ ಯಾರೇ ಇರಲಿ, ಮೊದಲ ಪ್ರಶ್ನೆ ಒಂದೇ: "ವಕೀಲ ಸಾಹೇಬರೇ, ಎಷ್ಟು ದಂಡ ಕಟ್ಟಿದರೆ ಬಿಡುತ್ತಾರೆ?"

ತಪ್ಪು ಈ ಪ್ರಶ್ನೆಯಲ್ಲೇ ಇದೆ. ಹೆಲ್ಮೆಟ್ ಇಲ್ಲದಿದ್ದರೆ, ಸಿಗ್ನಲ್ ಹಾರಿದರೆ ಸ್ಥಳದಲ್ಲೇ ದಂಡ ಕಟ್ಟಿ ರಸೀದಿ ಪಡೆದು ಹೊರಡಬಹುದು. ಮೋಟಾರು ವಾಹನ ಕಾಯ್ದೆಯ ಕಲಂ 200 ಹಾಗೆ ಬಗೆಹರಿಸಬಹುದಾದ ತಪ್ಪುಗಳ ಪಟ್ಟಿಯನ್ನು ಕೊಡುತ್ತದೆ. ಕುಡಿದು ಓಡಿಸುವ ಅಪರಾಧ, ಅಂದರೆ ಕಲಂ 185, ಆ ಪಟ್ಟಿಯಲ್ಲಿ ಇಲ್ಲ. ರಸ್ತೆಯಲ್ಲಿ ಅದನ್ನು ಮುಗಿಸುವ ಅಧಿಕಾರ ಪೇದೆಗೂ ಇಲ್ಲ, ಪಿಎಸ್‌ಐಗೂ ಇಲ್ಲ. ಅದು ಕ್ರಿಮಿನಲ್ ಪ್ರಕರಣ, ಇತ್ಯರ್ಥವಾಗುವುದು ನ್ಯಾಯಾಧೀಶರ ಮುಂದೆ. ಸ್ಥಳದಲ್ಲೇ "ಏನಾದರೂ ಕೊಟ್ಟು" ಮುಗಿಸಲು ಹೊರಟವರು ಇನ್ನೊಂದು ಕಾಯ್ದೆಯ ಬಾಯಿಗೆ ಬೀಳುತ್ತಾರೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ, ಅದಕ್ಕೆ ಏಳು ವರ್ಷಗಳವರೆಗೆ ಸೆರೆವಾಸವಿದೆ.

ಇಷ್ಟು ವರ್ಷ ಕರಿಕೋಟು ಹಾಕಿಕೊಂಡು ನಾನು ಕಂಡದ್ದು ಇದು: ಬರೀ ಕುಡಿದು ಓಡಿಸಿದ ಪ್ರಕರಣ ಕಾನೂನಿನ ಲೆಕ್ಕದಲ್ಲಿ ಚಿಕ್ಕದು, ಜಾಮೀನು ಸಿಗುವಂಥದ್ದು. ಅದನ್ನು ದೊಡ್ಡದು ಮಾಡಿಕೊಳ್ಳುವವರು ಸಿಕ್ಕಿಬಿದ್ದವರೇ. ನಾಲಿಗೆ ಹರಿಯಬಿಟ್ಟು, ಕೈ ಎತ್ತಿ, ಓಡಿಹೋಗಿ, ಸುಳ್ಳು ಕಟ್ಟಿ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಕಾನೂನು ಏನು ಹೇಳುತ್ತದೆ, ಜನ ಎಲ್ಲಿ ಎಡವುತ್ತಾರೆ ಎರಡನ್ನೂ ಹೇಳುತ್ತೇನೆ.

ಹೆಜ್ಜೆ 1: ಲೋಟ ಹಿಡಿಯುವ ಮೊದಲು ಲೆಕ್ಕ ಹಾಕಿ

ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. ಅದನ್ನು ಮೀರಿದರೆ ಅಪರಾಧ. ನೀವು ತೂರಾಡಬೇಕಿಲ್ಲ, ಯಾರಿಗೂ ಗುದ್ದಬೇಕಿಲ್ಲ. ನೆಟ್ಟಗೆ ಓಡಿಸುತ್ತಿದ್ದೆ ಎಂಬುದು ಇಲ್ಲಿ ಸಮರ್ಥನೆಯೇ ಆಗುವುದಿಲ್ಲ.

30 ಎಂದರೆ ಎಷ್ಟು? ಸುಮಾರು 60 ಕಿಲೋ ತೂಕದ ಗಂಡಸನ್ನು ಇಟ್ಟುಕೊಂಡು ಅಂದಾಜು ಹಾಕೋಣ. ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗುವ 90 ಎಂ.ಎಲ್. ವಿಸ್ಕಿ ಪ್ಯಾಕೆಟ್ ಒಂದನ್ನು ಕುಡಿದರೆ ರಕ್ತದಲ್ಲಿ ಸುಮಾರು 70 ಮಿಲಿಗ್ರಾಂ ಏರುತ್ತದೆ. 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಒಂದು ಬಾಟಲಿಗೆ 100ರ ಆಸುಪಾಸು. ಒಂದು ಕ್ವಾರ್ಟರ್‌ಗೆ 150. ಮೈ ತೂಕ, ಹೊಟ್ಟೆಯಲ್ಲಿರುವ ಊಟ, ಕುಡಿದ ವೇಗಕ್ಕೆ ತಕ್ಕಂತೆ ಇದು ಹಿಂದೆ ಮುಂದೆ ಆಗುತ್ತದೆ, ಸಣಕಲು ಮೈಯವರಿಗೆ ಇನ್ನೂ ಹೆಚ್ಚು. "ಒಂದೇ ಪ್ಯಾಕೆಟ್ ಸಾಹೇಬರೇ" ಎಂದು ಅಳುಮೋರೆ ಮಾಡುವವರು ಸುಳ್ಳು ಹೇಳುತ್ತಿರುವುದಿಲ್ಲ. ಆ ಒಂದೇ ಪ್ಯಾಕೆಟ್ ಮಿತಿಯ ಎರಡು ಪಟ್ಟು ದಾಟಿಸಿರುತ್ತದೆ.

ಇಳಿಯುವ ಲೆಕ್ಕವೂ ಗೊತ್ತಿರಲಿ. ಯಕೃತ್ತು ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಕರಗಿಸುತ್ತದೆ. ತಣ್ಣೀರು ಸ್ನಾನ, ಕಡಕ್ ಚಹಾ, ನಿಂಬೆಹಣ್ಣು, ವಾಂತಿ ಯಾವುದೂ ಅದನ್ನು ಅವಸರಪಡಿಸಲಾರದು. ರಾತ್ರಿ ಹನ್ನೊಂದಕ್ಕೆ ಎರಡು ಕ್ವಾರ್ಟರ್ ಏರಿಸಿ ಮಲಗಿ, ಬೆಳಿಗ್ಗೆ ವಾಡಿಯಲ್ಲೋ ಸೇಡಂನಲ್ಲೋ ಸಿಮೆಂಟ್ ಕಾರ್ಖಾನೆಯ ಮೊದಲ ಪಾಳಿಗೆ ಬೈಕ್ ಹತ್ತುವವನ ರಕ್ತದಲ್ಲಿ ಇನ್ನೂ ಮಿತಿಯ ಹಲವು ಪಟ್ಟು ಇರುತ್ತದೆ. ನಿದ್ದೆ ಮಾಡಿ ಎದ್ದೆ ಎಂಬ ಧೈರ್ಯ ಅವನಿಗಿರುತ್ತದೆ, ಯಂತ್ರಕ್ಕೆ ಅದು ತಿಳಿಯುವುದಿಲ್ಲ.

ಏಲಕ್ಕಿ, ಹಸಿ ಉಳ್ಳಾಗಡ್ಡಿ, ಗುಟ್ಕಾ, ಜೀರಾ ಸೋಡಾ: ಇವು ಮೂಗಿಗೆ ಮೋಸ ಮಾಡಬಹುದು. ಆಲ್ಕೋಮೀಟರ್ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿಯನ್ನು.

ಹೆಜ್ಜೆ 2: ಯಾವ ಗಾಡಿ, ಯಾವ ನಶೆ ಎಂದು ತಿಳಿದುಕೊಳ್ಳಿ

"ಟ್ರ್ಯಾಕ್ಟರ್‌ಗೆ ಇದೆಲ್ಲ ಇಲ್ಲ" ಎಂಬ ನಂಬಿಕೆ ಆಳಂದ, ಜೇವರ್ಗಿ ಕಡೆ ಬಲವಾಗಿದೆ. ಟ್ರ್ಯಾಕ್ಟರ್ ಕೂಡ ಮೋಟಾರು ವಾಹನವೇ. ಟಂಟಂ, ಆಟೊ, ಟಿಪ್ಪರ್, ಸ್ಕೂಟಿ ಎಲ್ಲಕ್ಕೂ ಕಲಂ 185 ಒಂದೇ. ಓಡಿಸಿದರೆ ಮಾತ್ರವಲ್ಲ, ಓಡಿಸಲು ಯತ್ನಿಸಿದರೂ ಅಪರಾಧ. ಧಾಬಾದ ಮುಂದೆ ಕೀಲಿ ತಿರುಗಿಸಿ ಕಿಕ್ ಹೊಡೆಯುತ್ತಿರುವಾಗ ಹಿಡಿದರೂ ಸಾಕು.

ನಶೆಯ ವಿಷಯಕ್ಕೆ ಬಂದರೆ, ಯಾದಗಿರಿ ಮತ್ತು ಕಲಬುರಗಿಯ ತೆಲಂಗಾಣ ಗಡಿಯ ಊರುಗಳಲ್ಲಿ ಸೇಂದಿಯನ್ನು ಕುಡಿತ ಎಂದೇ ಲೆಕ್ಕಕ್ಕಿಡದ ಹಿರಿಯರಿದ್ದಾರೆ. ಸೇಂದಿಯಲ್ಲೂ ಆಲ್ಕೋಹಾಲ್ ಇದೆ, ಯಂತ್ರ ಅದನ್ನೂ ಹಿಡಿಯುತ್ತದೆ. ಸಿ.ಎಚ್. (ಕ್ಲೋರಲ್ ಹೈಡ್ರೇಟ್) ಎಂಬ ಮತ್ತಿನ ಪುಡಿ ಬೆರೆಸಿದ ಕಲಬೆರಕೆ ಸೇಂದಿಯಾದರೆ ಕಣ್ಣು ಕತ್ತಲಿಡುವುದು ಬೇಗ, ಇಳಿಯುವುದು ತಡ. ಗಾಂಜಾ ಮುಂತಾದ ಮಾದಕ ವಸ್ತುಗಳಿಗೆ 30ರಂಥ ಅಂಕಿ ಇಲ್ಲ, ಗಾಡಿಯ ಮೇಲೆ ಹಿಡಿತವಿಡಲಾಗದಷ್ಟು ಅಮಲಿನಲ್ಲಿದ್ದರೇ ಎಂಬುದು ಅಳತೆ. ಅಂಥ ಪ್ರಕರಣದಲ್ಲಿ ಮಾದಕ ವಸ್ತುಗಳ ವಿರುದ್ಧದ ಎನ್‌ಡಿಪಿಎಸ್ ಕಾಯ್ದೆ ಬೇರೆಯಾಗಿಯೇ ಬೆನ್ನು ಹತ್ತುತ್ತದೆ, ಅದು ಈ ಬರಹದಲ್ಲಿ ಹಿಡಿಸುವ ವಿಷಯವಲ್ಲ.

ಹೆಜ್ಜೆ 3: ಬ್ಯಾರಿಕೇಡ್ ಮುಂದೆ

ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಲೈಸೆನ್ಸ್ ಮತ್ತು ಆರ್‌ಸಿ ತೋರಿಸಿ. ಡಿಜಿಲಾಕರ್‌ನಲ್ಲಿರುವ ಪ್ರತಿಯೂ ನಡೆಯುತ್ತದೆ. ಕಲಂ 203ರ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಥವಾ ಅಧಿಕಾರ ಪಡೆದ ಸಾರಿಗೆ ಇಲಾಖೆಯ ಅಧಿಕಾರಿ, ನೀವು ಕುಡಿದಿದ್ದೀರಿ ಎಂದು ಶಂಕಿಸಲು ಕಾರಣವಿದ್ದರೆ ಅಲ್ಲಿಯೇ ಅಥವಾ ಹತ್ತಿರದಲ್ಲೇ ಉಸಿರು ತಪಾಸಣೆಗೆ ಹೇಳಬಹುದು.

ಊದುವ ಮೊದಲು ಕೊಳವೆ ಹೊಸದೇ ಎಂದು ನೋಡಿ, ಬಳಸಿದ್ದಾದರೆ ಬದಲಿಸಲು ವಿನಯದಿಂದ ಕೇಳಿ. ಯಂತ್ರ ಸೊನ್ನೆ ತೋರಿಸುತ್ತಿದೆಯೇ ಎಂದೂ ಕೇಳಬಹುದು. ಕೆಮ್ಮಿನ ಔಷಧಿ ಅಥವಾ ಬಾಯಿ ಮುಕ್ಕಳಿಸುವ ದ್ರವವನ್ನು ಆಗಷ್ಟೇ ಬಳಸಿದ್ದರೆ ಅದನ್ನು ಮೊದಲೇ ಹೇಳಿ. ಬಾಯಲ್ಲಿ ಉಳಿದ ಆಲ್ಕೋಹಾಲ್ ಕಾಲು ಗಂಟೆಯಲ್ಲಿ ಹಾರಿಹೋಗುತ್ತದೆ, ನೀರು ಮುಕ್ಕಳಿಸಿ ಮತ್ತೊಮ್ಮೆ ಊದಲು ಅವಕಾಶ ಕೋರಿ. ಯಂತ್ರದಿಂದ ಬರುವ ಚೀಟಿಯಲ್ಲಿ ಅಂಕಿ, ದಿನಾಂಕ, ಸಮಯ ಇರುತ್ತವೆ, ಅದಕ್ಕೆ ಸಹಿ ಹಾಕುವ ಮುನ್ನ ಓದಿ.

ಇಲ್ಲಿ ಜನ ಎಡವುವ ಮೊದಲ ಕಲ್ಲು "ನಾನು ಊದುವುದಿಲ್ಲ" ಎಂಬ ಹಟ. ಊದದಿದ್ದರೆ ಸಾಕ್ಷ್ಯವೇ ಇರುವುದಿಲ್ಲ ಎಂದು ಯಾರೋ ಪಾನ್ ಶಾಪ್ ಪಂಡಿತರು ಹೇಳಿಕೊಟ್ಟಿರುತ್ತಾರೆ. ನಿರಾಕರಿಸಿದವರನ್ನು, ಕುಡಿದ ಅನುಮಾನವಿದ್ದರೆ, ವಾರಂಟ್ ಇಲ್ಲದೆ ದಸ್ತಗಿರಿ ಮಾಡಲು ಅದೇ ಕಲಂ 203 ಅಧಿಕಾರ ಕೊಡುತ್ತದೆ. ಠಾಣೆಯಲ್ಲಿ ಕಲಂ 204ರಡಿ ರಕ್ತದ ಮಾದರಿ ಕೇಳುತ್ತಾರೆ. ಅದನ್ನೂ ಸಕಾರಣವಿಲ್ಲದೆ ಕೊಡದಿದ್ದರೆ, ಆ ನಿರಾಕರಣೆಯೇ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡುತ್ತದೆ ಎಂದು ನ್ಯಾಯಾಲಯ ಭಾವಿಸಲು ಕಲಂ 205 ದಾರಿ ಬಿಡುತ್ತದೆ.

ಎರಡನೆಯ ಕಲ್ಲು ಇನ್ನೂ ದೊಡ್ಡದು. "ನಾನು ಯಾರ ಕಡೆಯವನು ಗೊತ್ತೇ" ಎಂದು ಶುರುವಾಗಿ, ಕೈಯಲ್ಲಿನ ಯಂತ್ರ ಕಸಿಯುವುದು, ಕಾಲರ್ ಹಿಡಿಯುವುದು, ತಳ್ಳಾಟದಲ್ಲಿ ಮುಗಿಯುತ್ತದೆ. ಕುಡಿದ ಪ್ರಕರಣಕ್ಕೆ ಜಾಮೀನು ಠಾಣೆಯಲ್ಲೇ ಸಿಗುತ್ತದೆ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರನ ಮೇಲೆ ಕೈ ಮಾಡಿದರೆ ಹಳೆಯ ದಂಡ ಸಂಹಿತೆಯ (ಐಪಿಸಿ) ಜಾಗದಲ್ಲಿ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 132 ಬೀಳುತ್ತದೆ, ಅದು ಜಾಮೀನುರಹಿತ. ಗಾಯವಾದರೆ ಕಲಂ 121, ಅದಕ್ಕೆ ಐದು ವರ್ಷಗಳವರೆಗೆ ಸೆರೆವಾಸ. ಹತ್ತು ಸಾವಿರ ರೂಪಾಯಿಯ ದಂಡದಲ್ಲಿ ಮುಗಿಯಬಹುದಾದದ್ದು ಒಂದು ತಳ್ಳಾಟದಿಂದ ಜೈಲಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ನನ್ನ ಬಳಿ ಬಂದ ಅತಿ ದುಬಾರಿ ಕುಡಿತದ ಪ್ರಕರಣಗಳೆಲ್ಲ ಇದೇ ಜಾತಿಯವು.

ಹೆಜ್ಜೆ 4: ದಸ್ತಗಿರಿಯಾದರೆ ಗಡಿಯಾರ ನೋಡಿ

ಈ ಎರಡು ಗಂಟೆಗಳ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಲಂ 185ರ ಅಪರಾಧಕ್ಕಾಗಿ ದಸ್ತಗಿರಿ ಮಾಡಿದವರನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ತಪಾಸಣೆ ಮಾಡಿಸಬೇಕು, ಇಲ್ಲದಿದ್ದರೆ ಕಸ್ಟಡಿಯಿಂದ ಬಿಡಬೇಕು ಎಂದು ಕಲಂ 202 ಹೇಳುತ್ತದೆ. ಬಿಟ್ಟರೆ ಪ್ರಕರಣ ಸತ್ತಿತು ಎಂದಲ್ಲ, ಕೂಡಿಹಾಕಿಕೊಂಡು ಇರುವಂತಿಲ್ಲ ಎಂದಷ್ಟೇ. ಆದರೂ ದಸ್ತಗಿರಿಯ ಸಮಯ ಎಷ್ಟು ಎಂದು ದಾಖಲಾಗಿದೆ, ತಪಾಸಣೆಯ ಸಮಯ ಎಷ್ಟು ಎಂದು ದಾಖಲಾಗಿದೆ ಎಂಬ ಎರಡು ಅಂಕಿಗಳು ಮುಂದೆ ನ್ಯಾಯಾಲಯದಲ್ಲಿ ಮಾತನಾಡುತ್ತವೆ. ಮೊಬೈಲ್ ಕೈಯಲ್ಲಿರುವಾಗಲೇ ಮನೆಯವರಿಗೆ ಕರೆ ಮಾಡಿ, ಕರೆಯ ಸಮಯ ಉಳಿಯುತ್ತದೆ.

ತಪಾಸಣೆಗೆ ಕಲಬುರಗಿಯಲ್ಲಿ ಸಾಮಾನ್ಯವಾಗಿ ಜಿಮ್ಸ್ ಆಸ್ಪತ್ರೆ, ಬೀದರ್‌ನಲ್ಲಿ ಬ್ರಿಮ್ಸ್, ತಾಲ್ಲೂಕುಗಳಲ್ಲಿ ಸರ್ಕಾರಿ ಆಸ್ಪತ್ರೆ. ವೈದ್ಯರು ವಾಸನೆ, ಕಣ್ಣಿನ ಪಾಪೆ, ಮಾತಿನ ತೊದಲು, ನಡಿಗೆ ಬರೆದುಕೊಳ್ಳುತ್ತಾರೆ, ರಕ್ತ ತೆಗೆಯಬಹುದು. ಮಹಿಳೆಯ ರಕ್ತದ ಮಾದರಿ ತೆಗೆಯುವ ವೈದ್ಯರು ಪುರುಷರಾದರೆ ಇನ್ನೊಬ್ಬ ಮಹಿಳೆ ಎದುರಿಗಿರಬೇಕು. ನಿಮಗೆ ಸಕ್ಕರೆ ಕಾಯಿಲೆ, ಮೂರ್ಛೆ, ತಲೆಗೆ ಪೆಟ್ಟು ಇದ್ದರೆ ವೈದ್ಯರಿಗೆ ಹೇಳಲೇಬೇಕು. ಸಕ್ಕರೆ ಇಳಿದವನ ತೂರಾಟವೂ ಕುಡಿದವನ ತೂರಾಟದಂತೆಯೇ ಕಾಣುತ್ತದೆ, ಆ ತಪ್ಪು ಎಣಿಕೆಯಲ್ಲಿ ಜೀವವೇ ಹೋಗಬಹುದು. ರಕ್ತದ ಮಾದರಿಯ ಮೇಲೆ ಹೆಸರು, ಸಮಯ ಬರೆದು ಮೊಹರು ಮಾಡಿದ್ದನ್ನು ನೋಡಿಕೊಳ್ಳಿ. ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ.

ಬರೀ ಬಾಯಿ ವಾಸನೆ, ತೂರಾಟ, ಅಗಲವಾದ ಕಣ್ಣಿನ ಪಾಪೆಯಿಂದಲೇ ಒಬ್ಬನನ್ನು ಕುಡಿದವನೆಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಅಂದರೆ ಅಂಕಿ ಬೇಕು: ಯಂತ್ರದ್ದೋ ಪ್ರಯೋಗಾಲಯದ್ದೋ.

ಹೆಜ್ಜೆ 5: ಠಾಣೆಯಲ್ಲಿ ಕೇಳಬೇಕಾದ್ದು, ಆಡಬಾರದ್ದು

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕಲಂ ಸಂಖ್ಯೆಗಳು ಬದಲಾಗಿವೆ, ಹಕ್ಕುಗಳು ಬಹುಮಟ್ಟಿಗೆ ಹಳೆಯವೇ. ಯಾವ ಕಾರಣಕ್ಕೆ ದಸ್ತಗಿರಿ ಎಂದು ತಿಳಿಸಬೇಕು. ಜಾಮೀನು ಪಡೆಯುವ ಹಕ್ಕಿದೆ ಎಂದೂ ಅವರೇ ತಿಳಿಸಬೇಕು (ಕಲಂ 47). ದಸ್ತಗಿರಿ ಮೆಮೊ ಬರೆದು, ಮನೆಯವರ ಅಥವಾ ಸ್ಥಳೀಯ ಗೌರವಾನ್ವಿತರೊಬ್ಬರ ಸಾಕ್ಷಿ ಸಹಿ ಹಾಕಿಸಬೇಕು. ನೀವು ಹೇಳಿದ ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಭೇಟಿ ಮಾಡಬಹುದು. 24 ಗಂಟೆ ಮೀರಿ ಇಟ್ಟುಕೊಳ್ಳುವುದಾದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು.

ಕಲಂ 185 ಜಾಮೀನಿಗೆ ಅರ್ಹ ಅಪರಾಧ. ಜಾಮೀನು ಇಲ್ಲಿ ದಯೆಯಲ್ಲ, ನಿಮ್ಮ ಹಕ್ಕು. ಜಾಮೀನುದಾರ ಬಂದು ಮುಚ್ಚಳಿಕೆ ಬರೆದುಕೊಟ್ಟರೆ ಬಿಡಬೇಕು. ಬರುವವರು ಆಧಾರ್ ಪ್ರತಿ, ಇದ್ದರೆ ಪಹಣಿ ಅಥವಾ ಮನೆಯ ತೆರಿಗೆ ರಸೀದಿ ತರಲಿ. ಮತ್ತು ಬರುವವರು ಕುಡಿದಿರಬಾರದು. ಇದನ್ನು ಬರೆಯಬೇಕಾಗಿ ಬಂದಿದೆ ಎಂದರೆ ಅರ್ಥ ಮಾಡಿಕೊಳ್ಳಿ.

ಆಡಬಾರದ್ದು ಎಂದರೆ ಸುಳ್ಳು. "ಗಾಡಿ ನನ್ನ ತಮ್ಮ ಓಡಿಸುತ್ತಿದ್ದ" ಎಂದು ಕುಡಿಯದ ತಮ್ಮನನ್ನು ಮುಂದೆ ತಳ್ಳುವುದು ನಮ್ಮ ಕೂಡು ಕುಟುಂಬಗಳ ಹಳೆಯ ಚಾಳಿ. ಅಪರಾಧಿಯನ್ನು ಉಳಿಸಲು ಸುಳ್ಳು ಮಾಹಿತಿ ಕೊಡುವುದು ನ್ಯಾಯ ಸಂಹಿತೆಯ ಕಲಂ 238ರ ಅಪರಾಧ. ವೃತ್ತಗಳಲ್ಲಿ, ಟೋಲ್‌ಗಳಲ್ಲಿ, ಪೆಟ್ರೋಲ್ ಪಂಪ್‌ಗಳಲ್ಲಿ ಸಿಸಿಟಿವಿ ಇದೆ, ತಮ್ಮನ ಮೊಬೈಲ್ ಆ ಹೊತ್ತಿಗೆ ಯಾವ ಟವರ್ ಕೆಳಗಿತ್ತು ಎಂಬುದೂ ಸಿಗುತ್ತದೆ. ಒಬ್ಬನ ಪ್ರಕರಣ ಇಬ್ಬರದಾಗುತ್ತದೆ. ಸುಮ್ಮನಿರುವುದು ನಿಮ್ಮ ಹಕ್ಕು, ಕಥೆ ಕಟ್ಟುವುದಲ್ಲ.

ಹೆಜ್ಜೆ 6: ಗಾಡಿ ಮತ್ತು ಲೈಸೆನ್ಸ್

2019ರ ತಿದ್ದುಪಡಿಯ ನಂತರ ಕಲಂ 206ರಡಿ ಪೊಲೀಸರು ನಿಮ್ಮ ಚಾಲನಾ ಪರವಾನಗಿಯನ್ನು ವಶಕ್ಕೆ ಪಡೆದು, ಅಮಾನತು ಅಥವಾ ರದ್ದತಿಗಾಗಿ ಆರ್‌ಟಿಒಗೆ ಕಳುಹಿಸುತ್ತಾರೆ. ಪ್ರತಿಯಾಗಿ ಒಂದು ಸ್ವೀಕೃತಿ ಚೀಟಿ ಕೊಡುತ್ತಾರೆ. ಆ ಚೀಟಿ ಇಟ್ಟುಕೊಂಡು ಗಾಡಿ ಓಡಿಸಬಹುದು ಎಂದು ತಿಳಿದವರು ಬಹಳ. ಓಡಿಸುವಂತಿಲ್ಲ, ಕಾಯ್ದೆಯೇ ಹಾಗೆ ಹೇಳುತ್ತದೆ. ಆರ್‌ಟಿಒದಿಂದ ನೋಟಿಸ್ ಬಂದರೆ ಉತ್ತರ ಕೊಡಿ, ಸುಮ್ಮನಿದ್ದರೆ ನಿಮ್ಮ ಮಾತು ಕೇಳದೆಯೇ ಆದೇಶವಾಗುತ್ತದೆ.

ಗಾಡಿಯ ವಿಷಯದಲ್ಲಿ ಮೊದಲು ಮಾಡಬೇಕಾದ್ದು ಕುಡಿಯದ, ಲೈಸೆನ್ಸ್ ಇರುವ ಒಬ್ಬರನ್ನು ಕರೆಸಿ ಅವರಿಗೆ ಒಪ್ಪಿಸಲು ಕೋರುವುದು. ಕುಡಿದು ಓಡಿಸಿದ್ದಕ್ಕೆ ಗಾಡಿಯನ್ನೇ ಇಟ್ಟುಕೊಳ್ಳುವಂತಿಲ್ಲ, ಕುಡಿಯದವರಿಗೆ ಒಪ್ಪಿಸಬೇಕು ಎಂದು ನೆರೆಯ ತೆಲಂಗಾಣದ ಹೈಕೋರ್ಟ್ 2021ರಲ್ಲಿ ಹೇಳಿದೆ. ಬೀದರ್‌ನಿಂದ ಜಹೀರಾಬಾದ್, ಹೈದರಾಬಾದ್‌ಗೆ ಮದುವೆ, ವ್ಯಾಪಾರಕ್ಕೆ ಓಡಾಡುವವರು ಇದನ್ನು ನೆನಪಿಡಬಹುದು. ನಮ್ಮ ರಾಜ್ಯದ ಠಾಣೆಗಳನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ. ಇಲ್ಲಿ ಗಾಡಿ ಠಾಣೆಯ ಅಂಗಳ ಸೇರಿದರೆ ನ್ಯಾಯಾಲಯದಲ್ಲಿ ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕಬೇಕು. ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ ಎರಡೂ ಬೇಕು. ವಿಮೆ ಮುಗಿದಿದ್ದರೆ ಅರ್ಜಿ ಅಲ್ಲಿಗೇ ಸಿಕ್ಕಿಬೀಳುತ್ತದೆ, ವಿಮೆಯಿಲ್ಲದೆ ಓಡಿಸಿದ ಕಲಂ 196ರ ಪ್ರಕರಣ ಬೇರೆ.

ಹೆಜ್ಜೆ 7: ನ್ಯಾಯಾಲಯದ ದಿನ

ಪ್ರಕರಣ ಬರುವುದು ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ. ಮೊದಲ ಸಲ ಸಿಕ್ಕಿಬಿದ್ದವರಿಗೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಎರಡನೆಯ ಸಲ ಮತ್ತು ಆನಂತರ 15,000 ರೂಪಾಯಿ, ಅಥವಾ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ ಎರಡೂ. 2019ಕ್ಕೆ ಮುಂಚೆ ಮೊದಲ ಸಲದ ದಂಡ 2,000 ರೂಪಾಯಿ ಮೀರುತ್ತಿರಲಿಲ್ಲ. ಹಳೆಯ ಅನುಭವದ ಮೇಲೆ ಧೈರ್ಯ ಹೇಳುವ ಮಾಮಾಗಳು ಆ ಕಾಲದವರು.

ಬಹಳ ಮಂದಿ ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಊರಿಗೆ ಹೋಗುತ್ತಾರೆ. ಅಂಕಿ ಸ್ಪಷ್ಟವಾಗಿದ್ದು, ಯಾರಿಗೂ ಗಾಯವಾಗಿಲ್ಲದಿದ್ದರೆ ಅದು ತಪ್ಪು ನಿರ್ಧಾರವೇನಲ್ಲ. ಆದರೆ ಮೂರು ಸಂಗತಿ ತಿಳಿದು ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ಅದು ಶಿಕ್ಷೆಯಾದ ದಾಖಲೆ, ಮುಂದಿನ ಸಲ ನೀವು "ಎರಡನೆಯ ಸಲ"ದವರು. ಕಲಂ 20ರ ಪ್ರಕಾರ ಕಲಂ 185ರಡಿ ಶಿಕ್ಷೆಯಾದವರನ್ನು ಕನಿಷ್ಠ ಆರು ತಿಂಗಳು ವಾಹನ ಓಡಿಸದಂತೆ ಅನರ್ಹಗೊಳಿಸಬೇಕು. ಟ್ರ್ಯಾಕ್ಟರ್, ಟಂಟಂ, ಲಾರಿಯೇ ಹೊಟ್ಟೆಪಾಡಾಗಿರುವವನಿಗೆ ಹತ್ತು ಸಾವಿರಕ್ಕಿಂತ ಈ ಆರು ತಿಂಗಳೇ ಭಾರ. ಮೂರನೆಯದಾಗಿ, ಒಪ್ಪಿಕೊಂಡ ಮೇಲೆ ಮೇಲ್ಮನವಿಯ ದಾರಿ ಬಹಳ ಕಿರಿದಾಗುತ್ತದೆ.

ತಕರಾರು ಮಾಡಲು ನಿಜವಾದ ಆಧಾರವಿದ್ದರೆ ಮಾಡಿ: ಚೀಟಿಯಲ್ಲಿನ ಹೆಸರು ನಿಮ್ಮದಲ್ಲ, ಸಮಯ ತಾಳೆಯಾಗುವುದಿಲ್ಲ, ನೀವು ಚಾಲಕರೇ ಅಲ್ಲ, ಅಂಕಿ 30 ದಾಟಿಲ್ಲ, ರಕ್ತದ ಮಾದರಿಯ ಮೊಹರಿನಲ್ಲಿ ಗೊಂದಲವಿದೆ. ನಿಮ್ಮ ವಿರುದ್ಧದ ದಾಖಲೆಗಳ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕಿದೆ, ಅದನ್ನು ಓದದೆ ಯಾವುದನ್ನೂ ನಿರ್ಧರಿಸಬೇಡಿ.

ತಾರೀಖಿಗೆ ಹೋಗದೇ ಇರುವುದು ಅತ್ಯಂತ ಕೆಟ್ಟ ಆಯ್ಕೆ. ಕೆಲಸ ಹುಡುಕಿಕೊಂಡು ಪುಣೆಗೋ ಮುಂಬೈಗೋ ಹೊರಟುಹೋಗುವವರು ನಮ್ಮಲ್ಲಿ ಹೆಚ್ಚು. ಸಮನ್ಸ್ ಊರಿನ ಖಾಲಿ ಮನೆಗೆ ಬಂದು ಹಿಂದಿರುಗುತ್ತದೆ, ಆಮೇಲೆ ವಾರಂಟ್ ಹೊರಡುತ್ತದೆ, ನಾಗರ ಪಂಚಮಿಗೋ ಎಳ್ಳ ಅಮಾವಾಸ್ಯೆಯ ಚರಗಕ್ಕೋ ಊರಿಗೆ ಬಂದವನನ್ನು ಹೊಲದಿಂದಲೇ ಕರೆದೊಯ್ಯುತ್ತಾರೆ. ಮುಚ್ಚಳಿಕೆ ಬರೆದುಕೊಟ್ಟು ಹಾಜರಾಗದಿರುವುದೇ ನ್ಯಾಯ ಸಂಹಿತೆಯ ಕಲಂ 269ರಡಿ ಇನ್ನೊಂದು ಅಪರಾಧ.

ಹೆಜ್ಜೆ 8: ಅಪಘಾತವಾಗಿದ್ದರೆ

ಇಲ್ಲಿಂದ ಮುಂದೆ ಕಲಂಗಳು ಮೆಟ್ಟಿಲಿನಂತೆ ಏರುತ್ತವೆ, ಒಂದು ಹೋಗಿ ಇನ್ನೊಂದು ಬರುವುದಿಲ್ಲ, ಒಂದರ ಮೇಲೊಂದು ಕೂರುತ್ತವೆ. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ನ್ಯಾಯ ಸಂಹಿತೆಯ ಕಲಂ 281, ಆರು ತಿಂಗಳವರೆಗೆ. ಗಾಯವಾದರೆ ಕಲಂ 125(ಎ), ಅದೂ ಆರು ತಿಂಗಳವರೆಗೆ. ಮೂಳೆ ಮುರಿತದಂಥ ತೀವ್ರ ಗಾಯವಾದರೆ ಕಲಂ 125(ಬಿ), ಮೂರು ವರ್ಷಗಳವರೆಗೆ. ಸಾವಾದರೆ ಕಲಂ 106(1), ಐದು ವರ್ಷಗಳವರೆಗೆ. ಹಳೆಯ ಸಂಹಿತೆಯ 304ಎ ಅಡಿ ಇದು ಎರಡೇ ವರ್ಷವಿತ್ತು.

ಕುಡಿತ ಸೇರಿದಾಗ ಇನ್ನೊಂದು ಬಾಗಿಲು ತೆರೆಯುತ್ತದೆ. ಕುಡಿದು ಓಡಿಸಿದರೆ ಜೀವ ಹೋಗಬಹುದೆಂಬ ಅರಿವು ಇದ್ದೇ ಓಡಿಸಿದ್ದಾನೆ ಎಂದು ಸಾಬೀತಾದರೆ ಅದು ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ಮಾನವ ಹತ್ಯೆ. ಈಗಿನ ಕಲಂ 105, ಹತ್ತು ವರ್ಷಗಳವರೆಗೆ, ಜಾಮೀನುರಹಿತ, ಸೆಷನ್ಸ್ ವಿಚಾರಣೆ. 2006ರಲ್ಲಿ ಮುಂಬೈಯ ಕಾರ್ಟರ್ ರಸ್ತೆಯಲ್ಲಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹರಿದು ಏಳು ಮಂದಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿದದ್ದು ಇದೇ ತರ್ಕವನ್ನು. ಆ ಸುದ್ದಿ ಓದಿದಾಗಲೆಲ್ಲ ನನಗೆ ನಮ್ಮ ಕಡೆಯಿಂದ ಗುಳೆ ಹೋಗಿ ಅಂಥ ರಸ್ತೆಗಳ ಅಂಚಿನಲ್ಲಿ ಮಲಗುವವರು ನೆನಪಾಗುತ್ತಾರೆ. "ಕುಡಿದಿದ್ದೆ, ಗೊತ್ತಾಗಲಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ತಾನಾಗಿ ಕುಡಿದವನಿಗೆ ಕುಡಿಯದವನಷ್ಟೇ ತಿಳಿವಳಿಕೆ ಇತ್ತೆಂದೇ ಕಲಂ 24 ಎಣಿಸುತ್ತದೆ.

ಹಾಗಾದರೆ ಗುದ್ದಿದ ಕ್ಷಣದಲ್ಲಿ ಏನು ಮಾಡಬೇಕು? ನಿಲ್ಲಿಸಿ. 108ಕ್ಕೆ ಕರೆ ಮಾಡಿ, ಆಮೇಲೆ 112. ಹುಮನಾಬಾದ್, ಬಸವಕಲ್ಯಾಣ ಹಾದುಹೋಗುವ ಹೆದ್ದಾರಿ 65ರಲ್ಲಿದ್ದರೆ 1033 ಕೂಡ ಇದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಸಾಧ್ಯವಾದುದೆಲ್ಲ ಮಾಡುವುದು ಮೋಟಾರು ವಾಹನ ಕಾಯ್ದೆಯ ಕಲಂ 134ರಡಿ ಚಾಲಕನ ಕರ್ತವ್ಯ, ಅವನು ಕುಡಿದಿರಲಿ ಬಿಡಲಿ.

"ನಿಂತರೆ ಜನ ಹೊಡೆದು ಸಾಯಿಸುತ್ತಾರೆ" ಎಂಬ ಭಯ ಸುಳ್ಳಲ್ಲ, ನಾನೂ ಕಂಡಿದ್ದೇನೆ. ಕಾಯ್ದೆ ಬರೆದವರಿಗೂ ಅದು ಗೊತ್ತಿತ್ತು. ಗುಂಪಿನ ಆಕ್ರೋಶದಿಂದ ಸಾಧ್ಯವಾಗದಿದ್ದಾಗ ಎಂಬ ವಿನಾಯಿತಿ ಕಲಂ 134ರಲ್ಲೇ ಇದೆ. ಆದರೆ ಆ ವಿನಾಯಿತಿ ಇರುವುದು ಹತ್ತಿರದ ಠಾಣೆಗೆ ಹೋಗುವವನಿಗೆ, ಕಬ್ಬಿನ ಗದ್ದೆಯಲ್ಲಿ ಅಡಗಿ ನಶೆ ಇಳಿಯುವವರೆಗೆ ಕಾಯುವವನಿಗಲ್ಲ. ನೇರ ಠಾಣೆಗೆ ಹೋಗಿ, ದಾರಿಯಲ್ಲೇ 112ಕ್ಕೆ ಕರೆ ಮಾಡಿ ಸ್ಥಳ ಹೇಳಿ.

ಲಾರಿ ಚಾಲಕರ ಬಾಯಲ್ಲಿ ಇನ್ನೂ ಓಡಾಡುತ್ತಿರುವ "ಓಡಿಹೋದರೆ ಹತ್ತು ವರ್ಷ" ಎಂಬ ಮಾತು ನ್ಯಾಯ ಸಂಹಿತೆಯ ಕಲಂ 106(2)ರದು. 2024ರ ಜನವರಿಯಲ್ಲಿ ಅದರ ವಿರುದ್ಧ ಚಾಲಕರು ದೇಶದಾದ್ಯಂತ ಮುಷ್ಕರ ಹೂಡಿದರು. ಜುಲೈ 1ರಂದು ಸಂಹಿತೆಯ ಉಳಿದ ಭಾಗ ಜಾರಿಗೆ ಬಂದಾಗ ಆ ಉಪಕಲಂ ಒಂದನ್ನು ಹೊರಗಿಡಲಾಯಿತು. ಓಡಿಹೋದವರಿಗೆ ಇದರಿಂದ ಸುಖವೇನಿಲ್ಲ: ಮೋಟಾರು ವಾಹನ ಕಾಯ್ದೆಯ ಕಲಂ 134 ಮತ್ತು 187 ಇದ್ದೇ ಇವೆ, ಜೊತೆಗೆ ಓಡಿಹೋದ ನಡತೆ ಕಲಂ 105ರ ವಾದಕ್ಕೆ ಸೌದೆಯಾಗುತ್ತದೆ.

ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದ ದಾರಿಹೋಕರಿಗೊಂದು ಮಾತು. ನೀವು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ, ನಿಮ್ಮ ಮೇಲೆ ಪ್ರಕರಣವಾಗುವುದಿಲ್ಲ, ಕಲಂ 134ಎ ನಿಮ್ಮನ್ನು ಕಾಯುತ್ತದೆ. ಗುದ್ದಿದ ಗಾಡಿ ಯಾವುದೆಂದೇ ಪತ್ತೆಯಾಗದಿದ್ದರೆ ಕೇಂದ್ರದ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಎಷ್ಟೋ ಬಡ ಕುಟುಂಬಗಳು ಇದನ್ನು ಕೇಳುವುದೇ ಇಲ್ಲ.

ವಿಮೆ ಕೈ ಎತ್ತುವ ಜಾಗ

ನಿಮ್ಮ ಸ್ವಂತ ಗಾಡಿಯ ಹಾನಿಗೆ, ಕುಡಿದಿದ್ದರೆ, ಸಾಮಾನ್ಯವಾಗಿ ಒಂದು ರೂಪಾಯಿಯೂ ಬರುವುದಿಲ್ಲ. ಪಾಲಿಸಿಯಲ್ಲೇ ಆ ಷರತ್ತು ಇರುತ್ತದೆ. ಅಲ್ಲಿ ಉಸಿರಿನ ಚೀಟಿ ಇಲ್ಲ, ರಕ್ತದ ವರದಿ ಇಲ್ಲ ಎಂಬ ವಾದವೂ ನಿಲ್ಲದಿರಬಹುದು. ಸುತ್ತಲಿನ ಸಂದರ್ಭಗಳಿಂದಲೂ ವಿಮಾ ಕಂಪನಿ ಕುಡಿತವನ್ನು ತೋರಿಸಿಕೊಡಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಸತ್ತವರ ಅಥವಾ ಗಾಯಗೊಂಡವರ ಕುಟುಂಬಕ್ಕೆ ಪರಿಹಾರ ಸಿಗುವಂತೆ ಮಾಡಿ, ಆ ಹಣವನ್ನು ಗಾಡಿಯ ಮಾಲೀಕನಿಂದ ವಸೂಲಿ ಮಾಡಲು ಕಂಪನಿಗೆ ನ್ಯಾಯಮಂಡಳಿ ಅವಕಾಶ ಕೊಡುವುದುಂಟು. ಆಗ ಹೊಲದ ಪಹಣಿಯ ಮೇಲೆ ಕಣ್ಣು ಬೀಳುತ್ತದೆ. ದಂಡದ ಹತ್ತು ಸಾವಿರಕ್ಕೆ ಹೆದರುವ ಜನ ಈ ಲಕ್ಷಗಳ ಲೆಕ್ಕ ಹಾಕಿರುವುದೇ ಇಲ್ಲ.

ಜೊತೆಗಿದ್ದವರು, ಕೀಲಿ ಕೊಟ್ಟವರು

ಕುಡಿದವನ ಕೈಗೆ ತಿಳಿದೂ ತಿಳಿದೂ ಕೀಲಿ ಕೊಟ್ಟವನು, "ನೀನೇ ಓಡಿಸು, ಏನಾಗುವುದಿಲ್ಲ" ಎಂದು ಹುರಿದುಂಬಿಸಿದವನು ಕಲಂ 188ರ ಪ್ರಕಾರ ಓಡಿಸಿದವನಷ್ಟೇ ಶಿಕ್ಷೆಗೆ ಗುರಿ. ಮದುವೆ ಮೆರವಣಿಗೆಗೆ ಟ್ರ್ಯಾಕ್ಟರ್ ಕಳುಹಿಸುವ ಮಾಲೀಕರು ಇದನ್ನು ಓದಿಕೊಳ್ಳಲಿ. ಗಾಡಿ ಹುಡುಗನ ಕೈಗೆ ಹೋಗಿದ್ದು ಅವನಿಗೆ 18 ತುಂಬಿರದಿದ್ದರೆ ಕಲಂ 199ಎ ಅಡಿ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಗಾಡಿಯನ್ನೇ ಮುಟ್ಟದೆ ಬಸ್ ನಿಲ್ದಾಣದಲ್ಲಿ ಕುಡಿದು ಗಲಾಟೆ ಮಾಡಿದರೆ ನ್ಯಾಯ ಸಂಹಿತೆಯ ಕಲಂ 355: 24 ಗಂಟೆಯವರೆಗೆ ಸೆರೆ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಬ್ರಿಟಿಷರ ಕಾಲದ ಸಂಹಿತೆಯಲ್ಲಿ ಇದರ ದಂಡ ಹತ್ತು ರೂಪಾಯಿ ಇತ್ತು!

ನೌಕರಿಗೆ ಓದುತ್ತಿರುವವರಿಗೆ

ಕಲಬುರಗಿಯ ಗ್ರಂಥಾಲಯಗಳಲ್ಲಿ, ಕೋಚಿಂಗ್ ಕೇಂದ್ರಗಳಲ್ಲಿ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯ ಮೇಲೆ ಕಣ್ಣಿಟ್ಟು ಓದುತ್ತಿರುವ ಹುಡುಗರು ನನ್ನನ್ನು ಹೆಚ್ಚು ಕೇಳುವುದು ಇದನ್ನೇ. ದೃಢೀಕರಣ ನಮೂನೆಯಲ್ಲಿ "ನಿಮ್ಮ ಮೇಲೆ ಎಂದಾದರೂ ಪ್ರಕರಣ ದಾಖಲಾಗಿದೆಯೇ, ಶಿಕ್ಷೆಯಾಗಿದೆಯೇ" ಎಂಬ ಸಾಲು ಇರುತ್ತದೆ. ದಂಡ ಕಟ್ಟಿ ಮುಗಿಸಿದ ಕಲಂ 185 ಕೂಡ ಅದರ ಉತ್ತರದಲ್ಲಿ ಬರಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ವಿವರವಾದ ಮಾರ್ಗಸೂಚಿ ಕೊಟ್ಟಿದೆ. ಚಿಕ್ಕ ಪ್ರಕರಣವನ್ನು ಪ್ರಾಮಾಣಿಕವಾಗಿ ತಿಳಿಸಿದರೆ ನೇಮಕಾತಿ ಪ್ರಾಧಿಕಾರ ಅದರ ತೂಕ ನೋಡಿ ನಿರ್ಧರಿಸುತ್ತದೆ, ಮುಚ್ಚಿಟ್ಟರೆ ಮುಚ್ಚಿಟ್ಟದ್ದೇ ಕಾರಣವಾಗಿ ನೌಕರಿ ಹೋಗಬಹುದು. ಪೊಲೀಸ್ ಪರಿಶೀಲನೆಗೆ ಠಾಣೆಯಲ್ಲಿ ಗಣಕಯಂತ್ರದ ಗುಂಡಿ ಒತ್ತಿದರೆ ಸಾಕು, ನಿಮ್ಮ ಹೆಸರು ಬರುತ್ತದೆ. ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿಯನ್ನು ಅಂದೇ ಪಡೆದು ಜೋಪಾನವಾಗಿಡಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಕಲಬುರಗಿ, ಬೀದರ್, ಯಾದಗಿರಿಯ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿ ಎಂದು ಕೇಳಿ. ಆಧಾರ್ ಪ್ರತಿ, ಪೊಲೀಸರು ಕೊಟ್ಟ ನೋಟಿಸ್ ಅಥವಾ ಎಫ್‌ಐಆರ್ ಪ್ರತಿ, ಆಲ್ಕೋಮೀಟರ್ ಚೀಟಿ, ಲೈಸೆನ್ಸ್ ಪಡೆದುಕೊಂಡ ಸ್ವೀಕೃತಿ, ಇಷ್ಟನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ತಾರೀಖಿಗೆ ಎರಡು ದಿನ ಮೊದಲೇ ಹೋಗಿ. ಹೋಗುವಾಗ ಬಸ್ಸಿನಲ್ಲಿ ಹೋಗಿ, ಲೈಸೆನ್ಸ್ ಆರ್‌ಟಿಒದಲ್ಲಿದೆ.